ಪುಸ್ತಕ ಗೆದ್ದೆ, ಓದಲಿಲ್ಲ!

ಕಳೆದ ವರ್ಷ ಇನ್‌ಸ್ಟಾಗ್ರಾಂನಲ್ಲಿ ಓದುಗರ ಗುಂಪೊಂದು ಐತಿಹಾಸಿಕ ಕಾದಂಬರಿಗಳ ಗಿವ್‌ಅವೇ ನಡೆಸಿತ್ತು. ಪೇಜ್ ಫಾಲೋ ಮಾಡಬೇಕು, ಮೂವರು ಗೆಳೆಯರನ್ನು ಟ್ಯಾಗ್ ಮಾಡಬೇಕು, ಸ್ಟೋರಿ ಹಾಕಬೇಕು. ಷರತ್ತು ಇಷ್ಟೇ. ಚೀಟಿ ಎತ್ತಿದಾಗ ನನ್ನ ಹೆಸರು ಬಂತು. ವಾರದೊಳಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕೊರಿಯರ್‌ನಲ್ಲಿ ಪಿ.ಜಿ.ಗೆ ತಲುಪಿತು. ಪುಸ್ತಕದ ಜೊತೆ ಫೋಟೊ ತೆಗೆದು ಹಾಕಿದೆ, ಲೈಕುಗಳು ಬಂದವು. ಪುಸ್ತಕ ಮಾತ್ರ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಕೆಳಗೆ ಸೇರಿಕೊಂಡು ಎಂಟು ತಿಂಗಳು ಅಲ್ಲೇ ಬಿದ್ದಿತ್ತು.

ಒಂದು ರಾತ್ರಿ ರೂಮ್‌ಮೇಟ್ ಅದನ್ನು ಕೈಗೆತ್ತಿಕೊಂಡ. ಎರಡು ವರ್ಷದಿಂದ ಕೆಲಸಕ್ಕಾಗಿ ಪರೀಕ್ಷೆ ಬರೆಯುತ್ತಲೇ ಇರುವ ಹುಡುಗ. ದುಡ್ಡು ಕೊಟ್ಟು ಕಾದಂಬರಿ ಕೊಳ್ಳುವ ಸ್ಥಿತಿ ಅವನದಲ್ಲ. ವಾರ ಬಿಟ್ಟು ಕೇಳಿದ: ‘ಮಗಾ, ಮದಕರಿ ನಾಯಕನ ಕಥೆ ಓದಿ ನಿನಗೇನನ್ನಿಸ್ತು?’

‘ಇನ್ನೂ ಓದಿಲ್ಲ ಕಣೋ’ ಎಂದೆ.

‘ಮತ್ತೆ ಯಾಕೆ ತಗೊಂಡೆ? ನನ್ನಂಥೋನಿಗೆ ಸಿಕ್ಕಿದ್ರೆ ಅವತ್ತೇ ಶುರು ಮಾಡ್ತಿದ್ದೆ.’

ತಮಾಷೆಗೇ ಹೇಳಿದ್ದು. ಆದರೂ ಚುಚ್ಚಿತು.

ಆಮೇಲೆ ಓದಿದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು ಎಂಬುದು ಅಲ್ಲಿಯವರೆಗೆ ನನಗೆ ಒಂದು ಅಂಕದ ಪ್ರಶ್ನೆ. ಆ ಇಸವಿಯ ಹಿಂದೆ ಒಂದು ಊರು, ಅದನ್ನು ಕಾಯಲು ನಿಂತವರ ಭಯ, ಹಟ ಎಲ್ಲ ಇದ್ದವು ಎಂದು ಅನ್ನಿಸಿದ್ದು ಕಾದಂಬರಿಯಿಂದ. ಹಾಗೆಂದು ಕಾದಂಬರಿಯೇ ಇತಿಹಾಸವಲ್ಲ. ದಾಖಲೆ ಎಲ್ಲಿ ಮುಗಿಯಿತು, ಲೇಖಕರ ಕಲ್ಪನೆ ಎಲ್ಲಿ ಶುರುವಾಯಿತು ಎಂದು ಮಾತಾಡಬೇಕಾದರೆ ಪುಸ್ತಕ ಓದಿದ ಇಬ್ಬರಾದರೂ ಇರಬೇಕು. ಬರೀ ಮುಖಪುಟದ ಫೋಟೊ ಹಂಚಿಕೊಂಡರೆ ಆ ಚರ್ಚೆ ಹುಟ್ಟುವುದೇ ಇಲ್ಲ.

ಗಿವ್‌ಅವೇ ಬೇಡ ಎನ್ನುತ್ತಿಲ್ಲ. ಸ್ವಂತ ದುಡ್ಡಿನಲ್ಲಿ ಪುಸ್ತಕ ಕೊಂಡು, ಕೊರಿಯರ್ ಖರ್ಚೂ ಹಾಕಿ ಗುರುತಿಲ್ಲದವರಿಗೆ ಕಳಿಸುವವರ ಪ್ರೀತಿ ದೊಡ್ಡದು. ಐತಿಹಾಸಿಕ ಕಾದಂಬರಿಗಳನ್ನು ಬರೆದ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. ಅವರು ಹುಡುಕಿದ್ದು ಓದುಗರನ್ನು. ನಾವು ಹುಡುಕುತ್ತಿರುವುದು ಫಾಲೋವರ್‌ಗಳನ್ನಾ?

ಹಾಗಾಗಿ ಷರತ್ತು ಬದಲಾಗಲಿ. ಮೂವರನ್ನು ಟ್ಯಾಗ್ ಮಾಡಿಸುವ ಬದಲು, ಈ ಪುಸ್ತಕ ಯಾಕೆ ಬೇಕು ಎಂದು ನಾಲ್ಕು ಸಾಲು ಬರೆಸಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕೊಡುತ್ತೀರಾ? 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಗಲು ರಾಜನೊಬ್ಬನೇ ಕಾರಣವೇ ಎಂದು ಓದಿದ ಮೇಲೆ ಬರೆಯಲು ಹೇಳಿ. ಎರಡು ತಿಂಗಳಲ್ಲಿ ಓದಿ ಇನ್ನೊಬ್ಬರಿಗೆ ದಾಟಿಸಬೇಕು. ಒಳಪುಟದಲ್ಲಿ ಓದಿದವರ ಹೆಸರು, ದಿನಾಂಕ ಇರಲಿ. ಹೀಗೆ ಮಾಡಿದರೆ ಒಂದೇ ಪ್ರತಿ ವರ್ಷಕ್ಕೆ ಆರು ಜನರ ಕೈ ಸೇರುತ್ತದೆ. ದಾಟಿಸಲು ಮತ್ತೆ ಕೊರಿಯರ್ ಬೇಕಿಲ್ಲ. ಹಾಸ್ಟೆಲ್, ಪಿ.ಜಿ., ಲೈಬ್ರರಿಯ ಓದುವ ಕೋಣೆ, ಎಲ್ಲೆಡೆ ಕೊಳ್ಳಲಾಗದ ಓದುಗರು ಇದ್ದೇ ಇದ್ದಾರೆ. ನಡುವೆ ಯಾರೋ ಒಬ್ಬರು ಪುಸ್ತಕ ಇಟ್ಟುಕೊಂಡುಬಿಟ್ಟರೆ? ಇಟ್ಟುಕೊಳ್ಳಲಿ, ಅಷ್ಟರಲ್ಲಿ ಕೆಲವರಾದರೂ ಓದಿರುತ್ತಾರೆ.

ನನ್ನ ಪ್ರತಿಯ ಒಳಪುಟದಲ್ಲಿ ಮೊದಲ ಹೆಸರು ರೂಮ್‌ಮೇಟ್‌ನದು. ಗೆದ್ದವನು ನಾನಾದರೂ ನನ್ನದು ಎರಡನೆಯದು. ಪುಸ್ತಕ ಈಗ ಮೂರನೆಯವರ ಬಳಿ ಇದೆ.