ಮರಳಿ ಬಂದ ಕರಡು

ಡೊಂಬಿವಲಿಯ ನಮ್ಮ ನೆರೆಮನೆಯ ಹುಡುಗ ನವಿ ಮುಂಬಯಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ಮಳೆಗಾಲದಲ್ಲಿ ಆತ ಲಿನಕ್ಸ್ ಕರ್ನೆಲ್‌ಗೆ ಪುಟ್ಟದೊಂದು ತಿದ್ದುಪಡಿ ಕಳುಹಿಸಿದ. ಅದು ನಾಲ್ಕು ಆಕ್ಷೇಪಗಳೊಡನೆ ಮರಳಿತು. “ನಮ್ಮಂಥವರಿಗಲ್ಲ ಬಿಡಿ ಅಂಕಲ್” ಎಂದವನು ಮತ್ತೆ ಆ ಕಡೆ ಸುಳಿಯಲಿಲ್ಲ.

ನಮಗೆ ನಗು ಬಂತು. ಕೇಂದ್ರ ಸರಕಾರದ ಕಚೇರಿಯಲ್ಲಿ ಕರಡು ಬರೆದು ಸವೆದ ಕೈ ನಮ್ಮದು; ಮೇಲಧಿಕಾರಿಯ ಮೇಜಿನಿಂದ ಗೀಟು ಬೀಳದೆ ಬಂದ ಮೊದಲ ಕರಡನ್ನು ಇನ್ನೂ ಕಂಡಿಲ್ಲ. ಕರ್ನೆಲ್‌ನ ರೂಢಿಯೂ ಇಂಥದೇ. ತಿದ್ದುಪಡಿ ಸಾದಾ ಪಠ್ಯದ ಮಿಂಚಂಚೆಯಾಗಿ ಹೋಗಬೇಕು. ಕೊನೆಯಲ್ಲಿ ‘ಸೈನ್ಡ್-ಆಫ್-ಬೈ’ ಎಂಬ ಸಾಲು ಬೇಕು. 2004ರಲ್ಲಿ ಬಂದ ಈ ಕ್ರಮ, ಇದನ್ನು ಸಲ್ಲಿಸುವ ಹಕ್ಕು ತನಗಿದೆಯೆಂದು ಹೊಣೆ ಹೊರುವ ಸಹಿ. ಆಯಾ ವಿಭಾಗದ ಉಸ್ತುವಾರಿಗಳು ತಪ್ಪು ತೋರಿಸುತ್ತಾರೆ. ಎರಡನೆಯ, ಮೂರನೆಯ ಆವೃತ್ತಿ ಕಳುಹಿಸುವುದು ಪಳಗಿದವರಿಗೂ ತಪ್ಪಿದ್ದಲ್ಲ. ಆಕ್ಷೇಪ ಬಂತೆಂದರೆ ಯಾರೋ ಗಮನವಿಟ್ಟು ಓದಿದ್ದಾರೆ ಎಂದರ್ಥ. ಇಷ್ಟನ್ನು ಪಕ್ಕದಲ್ಲಿ ಕುಳಿತು ಹೇಳುವವರು ಹುಡುಗನಿಗಿರಲಿಲ್ಲ.

ಪಾಠಗಳಿಗೇನೂ ಬರವಿಲ್ಲ. ಪೊವಾಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ. ಜೊತೆಗೆ ಕೂರುವವರಿಗೇ ಬರ. ಪ್ರೋಗ್ರಾಮಿಂಗ್ ಅರಿಯದ ನಾವು ಕೂತು ಮಾಡುವುದೇನು ಎಂದು ಹಿರಿಯರು ಕೇಳಿಯಾರು. ಅನುವಾದದ ಬಾಗಿಲಿದೆ ಎಂಬುದು ನಮ್ಮ ಉತ್ತರ.

1993ರಲ್ಲಿ ಆರಂಭವಾದ ಡೆಬಿಯನ್ ಸ್ವಯಂಸೇವಕರು ಕಟ್ಟಿದ ಕಾರ್ಯಾಚರಣ ವ್ಯವಸ್ಥೆ. ಖಾರ್ಘರ್‌ನಲ್ಲೂ ಕೇಂದ್ರವುಳ್ಳ ಸಿ-ಡ್ಯಾಕ್ ಸಂಸ್ಥೆಯ ‘ಬಾಸ್’ಗೂ ಅದೇ ಬುನಾದಿ. ಡೆಬಿಯನ್ ಕನ್ನಡವನ್ನೂ ಆಡುತ್ತದೆ. ಆದರೆ ಇಂಗ್ಲಿಷ್ ಸಂದೇಶ ಬದಲಾದಾಗಲೆಲ್ಲ ಹಳೆಯ ಅನುವಾದ ಕೆಲಸಕ್ಕೆ ಬಾರದಾಗುತ್ತದೆ, ಯಾರಾದರೂ ಮತ್ತೆ ನೋಡಬೇಕು.

ಒಂದು ಭಾನುವಾರ ಹುಡುಗನನ್ನೂ ಧಾರವಾಡ ಕಡೆಯ ಅವನ ಅಜ್ಜಿಯನ್ನೂ ಅಂಥ ಸಂದೇಶಗಳ ಮುಂದೆ ಕೂರಿಸಿದೆವು. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ತೊಡಕು. ಅಜ್ಜಿಗೆ ಅಕ್ಷರ ಬಲ್ಲುದು, ಯಂತ್ರ ತೊಡಕು. ಕಡತವೊಂದನ್ನು ತೆರೆಯಲಾಗಲಿಲ್ಲ ಎಂಬ ಸಂದೇಶದಲ್ಲಿ ಕಡತದ ಹೆಸರಿನ ಜಾಗದಲ್ಲಿ ಬರಿಯ ಗುರುತೊಂದಿತ್ತು. ಓಡುವ ಹೊತ್ತಿಗೆ ಯಂತ್ರವೇ ಹೆಸರು ತುಂಬುತ್ತದೆ, ಆ ಗುರುತನ್ನು ಕೆಡಿಸಬಾರದು ಎಂದ ಹುಡುಗ. “ಹೆಸರೇ ಗೊತ್ತಿಲ್ಲ, ವಿಭಕ್ತಿ ಹೆಂಗ ಹಚ್ಚೂದೋ?” ಎಂದರು ಅಜ್ಜಿ. ಎಂ.ಎ. ಇಂಗ್ಲಿಷ್ ಓದಿದ ನಮಗೆ ಹೊಳೆಯದ ಪ್ರಶ್ನೆ! ಇಂಗ್ಲಿಷಿನಲ್ಲಿ ಹೆಸರು ಬಿಡಿಯಾಗಿ ನಿಲ್ಲುತ್ತದೆ, ಕನ್ನಡದಲ್ಲಿ ಪ್ರತ್ಯಯ ಅಂಟಬೇಕು. ಕೊನೆಗೆ ಅವರೇ ದಾರಿ ಕಂಡರು: ಗುರುತಿನ ಮುಂದೆ ‘ಎಂಬ ಕಡತವನ್ನು’ ಎಂದಿಟ್ಟರು. ವಿಭಕ್ತಿ ‘ಕಡತ’ಕ್ಕೆ ಅಂಟಿತು, ಹೆಸರು ಯಾವುದಾದರೂ ಆಗಲಿ.

ಮೂಲವನ್ನು ಇಳಿಸಿಕೊಳ್ಳುವುದು, ತಿದ್ದುವುದು, ಪರೀಕ್ಷಿಸುವುದು, ಕಳುಹಿಸುವುದು, ಆಕ್ಷೇಪಕ್ಕೆ ಉತ್ತರಿಸುವುದು. ಕರ್ನೆಲ್ ಕೇಳುವ ಶಿಸ್ತಿನ ಬಹುಪಾಲು ಇಲ್ಲೇ ಕೈಗೆ ಹತ್ತುತ್ತದೆ. ಠಾಣೆ, ಕಲ್ಯಾಣಗಳ ನಮ್ಮ ಸಂಘಗಳು ನಾಡಹಬ್ಬದ ನಡುವೆ ತಿಂಗಳಿಗೊಂದು ಭಾನುವಾರ ಇದಕ್ಕೆ ಬಿಡಲಾರವೇ? ಎರಡು ಕುರ್ಚಿ, ಒಂದು ಲ್ಯಾಪ್‌ಟಾಪ್ ಸಾಕು.

ಕಳುಹಿಸಿದ ಅನುವಾದ ಮೊನ್ನೆ ಒಂದು ಆಕ್ಷೇಪದೊಡನೆ ಮರಳಿದೆ. ಹುಡುಗ ತಿದ್ದಲು ಕೂತಿದ್ದಾನೆ. ಅಜ್ಜಿ ಮಾತ್ರ ಆಕ್ಷೇಪವನ್ನು ಒಪ್ಪಿಲ್ಲ. ಅವರ ವಾದವನ್ನು ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂದಿದೆ.