ಹೆಸರಿಲ್ಲದ ಪಟ್ಟಿಯಿಂದ ಕಳ್ಳ ಸಿಕ್ಕುವುದಿಲ್ಲ: ಮಾಹಿತಿ ಹಕ್ಕಿನ 8(2) ಬಳಸಿ!



ನ್ಯಾಯಬೆಲೆ ಅಂಗಡಿಯಲ್ಲಿ ಯಾರ ಹೆಸರಿಗೆ ಎಷ್ಟು ಅಕ್ಕಿ ಖರ್ಚು ಬಿದ್ದಿದೆ? ವಸತಿ ಯೋಜನೆಯ ಮನೆ ಯಾರ ಪಾಲಾಯಿತು? ಹತ್ತು ರೂಪಾಯಿ ಕಟ್ಟಿ ನಮೂನೆ 'ಎ'ಯಲ್ಲಿ ಕೇಳುತ್ತೀರಿ. "ಕೋರಿರುವ ಮಾಹಿತಿಯು ವೈಯಕ್ತಿಕ ಸ್ವರೂಪದ್ದಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹ, ಕೆಳಗೆ ಸಹಿ, ಸೀಲು. ಅಷ್ಟಕ್ಕೇ ಸುಮ್ಮನಾಗಬೇಡಿ.

2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಖಾಸಗಿ ಮಾಹಿತಿಯನ್ನು ಕಾಯುತ್ತಿತ್ತು, ಜೊತೆಗೆ ಅಧಿಕಾರಿಯ ಕೈಗೆ ಒಂದು ತಕ್ಕಡಿಯನ್ನೂ ಕೊಟ್ಟಿತ್ತು. ಸಾರ್ವಜನಿಕ ಚಟುವಟಿಕೆಗೂ ಈ ಮಾಹಿತಿಗೂ ಸಂಬಂಧ ಇದೆಯೇ, ವಿಶಾಲ ಸಾರ್ವಜನಿಕ ಹಿತ ಇದೆಯೇ ಎಂದು ಅವರು ತೂಗಿ ನೋಡಬೇಕಿತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 44(3)ನೇ ಕಲಂ ಅದನ್ನೆಲ್ಲ ಕಿತ್ತುಹಾಕಿ, ವೈಯಕ್ತಿಕ ಮಾಹಿತಿ ಎಂಬಷ್ಟನ್ನೇ ಉಳಿಸಿದೆ. 2025ರ ನವೆಂಬರ್‌ನಿಂದ ಇದು ಜಾರಿಯಲ್ಲಿದೆ.

ಹಾಗಾದರೆ ಖಾಸಗಿತನ ಬೇಡವೇ? ಖಂಡಿತ ಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂಲಭೂತ ಹಕ್ಕೆಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ. ನೆರೆಮನೆಯವರ ಆಸ್ಪತ್ರೆ ಚೀಟಿ ನಮಗೆ ಬೇಕಿಲ್ಲ. ಸರ್ಕಾರದ ದುಡ್ಡು ಯಾರ ಕೈ ಸೇರಿತು ಅನ್ನುವುದು ಬೇಕು. ರಾಜಸ್ಥಾನದ ಹಳ್ಳಿಗಳಲ್ಲಿ 1994ರ ಹೊತ್ತಿಗೆ ಜನ ಬಯಲಲ್ಲಿ ಕೂತು ಮಸ್ಟರ್ ರೋಲ್‌ಗಳನ್ನು ಗಟ್ಟಿಯಾಗಿ ಓದಿಸಿದರು. ಕೆಲಸಕ್ಕೇ ಬಾರದವರ ಹೆಸರಲ್ಲಿ ಕೂಲಿ ಬಟವಾಡೆಯಾಗಿದ್ದು ಊರೆದುರೇ ಬಯಲಾಯಿತು. 2005ರ ಕಾಯ್ದೆಗೆ ದಾರಿ ಮಾಡಿದ್ದು ಆ ಹೋರಾಟವೇ. ಹೆಸರಿಗೆ ಮಸಿ ಬಳಿದು ಬರೀ ಮೊತ್ತ ಓದಿದ್ದರೆ, 'ಈ ಹೆಬ್ಬೆಟ್ಟು ನಂದಲ್ಲ' ಅಂತ ಯಾರು ಎದ್ದು ನಿಲ್ಲುತ್ತಿದ್ದರು?

ಕಾಯ್ದೆಯಲ್ಲಿ 8(2) ಇನ್ನೂ ಇದೆ. 8(1)ರ ವಿನಾಯಿತಿ ಯಾವುದೇ ಇರಲಿ, 1923ರ ಅಧಿಕೃತ ರಹಸ್ಯಗಳ ಕಾಯ್ದೆಯೇ ಅಡ್ಡ ಬರಲಿ, ಮಾಹಿತಿ ಕೊಡುವುದರಿಂದಾಗುವ ಸಾರ್ವಜನಿಕ ಹಿತ ಅದರಿಂದಾಗುವ ಹಾನಿಗಿಂತ ಹೆಚ್ಚಿದ್ದರೆ ಸಾರ್ವಜನಿಕ ಪ್ರಾಧಿಕಾರ ಅದನ್ನು ಕೊಡಬಹುದು. ಕೊಡಲೇಬೇಕು ಎಂಬ ಕಟ್ಟು ಮಾತ್ರ ಇಲ್ಲ. ಮೊದಲು ತೂಗುವ ಹೊಣೆ ಮಾಹಿತಿ ಅಧಿಕಾರಿಯ ತಲೆ ಮೇಲೇ ಇತ್ತು; ಈಗ ನಾವು ಕೇಳದಿದ್ದರೆ ತೂಗುವವರೇ ಇಲ್ಲ. (8(2) ಇದೆಯಲ್ಲ, ತಿದ್ದುಪಡಿಯಿಂದ ಏನೂ ಹೋಗಿಲ್ಲ ಅನ್ನುವವರು ಒಮ್ಮೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ ನೋಡಲಿ.)

ಆದ್ದರಿಂದ ಅರ್ಜಿಯಲ್ಲೇ ಬರೆಯಿರಿ. ಕಾರಣ ಹೇಳಬೇಕೆಂದು ಕಾನೂನು ಕೇಳುವುದಿಲ್ಲ, 6(2) ನೋಡಿ. ಆದರೂ ಈ ಸಾಲು ಸೇರಿಸಿ:

"ಇದು ಸಾರ್ವಜನಿಕ ಹಣದ ವಿನಿಯೋಗಕ್ಕೆ ಸಂಬಂಧಿಸಿದ ಮಾಹಿತಿ. ಕಲಂ 8(2)ರಡಿ ಪರಿಗಣಿಸಿ ನೀಡಿ. ಆಧಾರ್, ಬ್ಯಾಂಕ್ ಖಾತೆ, ಫೋನ್ ಸಂಖ್ಯೆಗಳನ್ನು ಕಲಂ 10ರಡಿ ಮರೆಮಾಡಿ ಉಳಿದದ್ದನ್ನು ಕೊಡಿ."

ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಿತಿ. ಪುರಾಣ ಬರೆದರೆ ತಿರಸ್ಕಾರಕ್ಕೆ ನೀವೇ ನೆಪ ಕೊಟ್ಟಂತೆ.

ಹಿಂಬರಹ ಬಂದರೆ 30 ದಿನದೊಳಗೆ ಮೊದಲನೇ ಮೇಲ್ಮನವಿ ಹಾಕಿ. ಯಾರಿಗೆ ಹಾನಿ, ಏನು ಹಾನಿ, ತೂಗಿ ನೋಡಿದ ಟಿಪ್ಪಣಿ ಕಡತದಲ್ಲಿ ಎಲ್ಲಿದೆ ಎಂದು ಅಲ್ಲಿ ಕೇಳಿ. ನಿರಾಕರಣೆ ಸರಿ ಎಂದು ಸಾಬೀತು ಮಾಡುವ ಹೊಣೆ 19(5)ರ ಪ್ರಕಾರ ಅಧಿಕಾರಿಯದು, ನಿಮ್ಮದಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಿ.

ಇನ್ನು ಮಾಹಿತಿ ಹಕ್ಕು ಕೇಂದ್ರದ ಕಾಯ್ದೆ, ಅದರ ತಿದ್ದುಪಡಿಗೆ ಶಾಸಕರ ಮನೆ ಬಾಗಿಲಿಗೆ ಅಲೆದು ಪ್ರಯೋಜನವಿಲ್ಲ. 8(1)(ಜೆ) ಹಿಂದಿನಂತೆಯೇ ಆಗಬೇಕು ಎಂದು ನಿಮ್ಮ ಸಂಸದರಿಗೆ ಬರೆಯಿರಿ. ಬರುವ ಗ್ರಾಮಸಭೆ, ವಾರ್ಡ್ ಸಭೆಯಲ್ಲಿ ಇದೇ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆದು ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಓದಿದ ಮೇಲೆ ಎಸೆಯಬೇಡಿ, ಪಕ್ಕದವರಿಗೆ ಕೊಡಿ.