ಬಾತು ಕೋಳಿಯಲ್ಲ

ಕನ್ನಡದಲ್ಲಿ ಈ ಹಕ್ಕಿಗೆ ಬಾತುಕೋಳಿ ಎಂಬ ಹೆಸರು ಬಂದದ್ದು ಅದರ ದುರದೃಷ್ಟವೆಂದೇ ಹೇಳಬೇಕು. ಹೆಸರಿನ ತುದಿಗೆ ಅಂಟಿಕೊಂಡ ‘ಕೋಳಿ’ ಎಂಬ ಎರಡಕ್ಷರವೇ ಅದರ ಆಹಾರ, ವಸತಿ, ಔಷಧ, ಕೊನೆಗೆ ಮೊಟ್ಟೆಯ ಲೆಕ್ಕವನ್ನೂ ನಿರ್ಧರಿಸುತ್ತಿದೆ. ಮಲೆನಾಡಿನ ಹಿತ್ತಿಲಿಗೆ ಬಾತುಮರಿಗಳು ಬರುವಾಗ ಅವುಗಳ ಜೊತೆಯಲ್ಲಿ ಕೋಳಿಮರಿಯ ಆಹಾರದ ಚೀಲವೂ ‘ವರ್ಷಕ್ಕೆ 300 ಮೊಟ್ಟೆ’ ಎಂಬ ಆಶ್ವಾಸನೆಯೂ ಬರುತ್ತವೆ. ಆರು ತಿಂಗಳು ಕಳೆಯುವಷ್ಟರಲ್ಲಿ ಮರಿಗಳ ಕಾಲು ಸೊಟ್ಟಗಾಗಿ, ಮೊಟ್ಟೆಯ ಸುಳಿವಿಲ್ಲದೆ, ‘ಬಾತು ಮಲೆನಾಡಿಗೆ ಹೇಳಿಸಿದ್ದಲ್ಲ’ ಎಂಬ ತೀರ್ಪು ಹೊರಬೀಳುತ್ತದೆ. ಈ ತೀರ್ಪು ತಪ್ಪು. ಬಾತು ಸೋತಿಲ್ಲ, ಅದನ್ನು ಕೋಳಿಯ ಅಳತೆಗೋಲಿನಿಂದ ಅಳೆದ ಅಭಿವೃದ್ಧಿಯ ದೃಷ್ಟಿ ಸೋತಿದೆ.

ಮುನ್ನೂರರ ಮಾಯೆ

ಮೊಟ್ಟೆಗೆಂದು ಹೆಚ್ಚಾಗಿ ಹಂಚಿಕೆಯಾಗುವ ತಳಿ ಖಾಕಿ ಕ್ಯಾಂಪ್‌ಬೆಲ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ತಮ್ಮ ಮನೆಯ ಅಗತ್ಯಕ್ಕಾಗಿ ರೂಪಿಸಿದ ತಳಿ ಇದು. ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವ ಸಾಮರ್ಥ್ಯ ಅದಕ್ಕಿರುವುದು ನಿಜ. ಆದರೆ ಆ ಸಂಖ್ಯೆಯ ಹಿಂದೆ ಆಯ್ದ ಸಂತತಿ, ಸಮತೋಲಿತ ಆಹಾರ ಮತ್ತು ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ಎಂಬ ಮೂರು ಷರತ್ತುಗಳಿವೆ. ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಷರತ್ತುಗಳನ್ನು ಮರೆಮಾಚುವುದು ವಿಸ್ತರಣಾ ಕಾರ್ಯವಲ್ಲ, ಜಾಹೀರಾತು.

ಸಾಗರ–ಸಿರಸಿಯ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ. ಡಿಸೆಂಬರಿನ ಅತಿ ಹ್ರಸ್ವ ಹಗಲು ಹನ್ನೊಂದೂಕಾಲು ಗಂಟೆಯ ಆಸುಪಾಸು. ಜೂನ್‌ನಲ್ಲಿ ಒಡೆದ ಮರಿ ಐದಾರು ತಿಂಗಳಿಗೆ ಮೊಟ್ಟೆಯ ಪ್ರಾಯಕ್ಕೆ ಬರುವುದು ಸರಿಯಾಗಿ ಹಗಲು ಕುಗ್ಗುವ ಕಾಲದಲ್ಲಿ. ಆಗ ಅದು ಮೊಟ್ಟೆ ತಡಮಾಡಿದರೆ ಅದು ರೋಗವಲ್ಲ, ಋತುಧರ್ಮ. ದಿನ ಬೆಳೆಯತೊಡಗಿದಂತೆ ಮೊಟ್ಟೆಯೂ ಬರುತ್ತದೆ. ಕಾಯುವ ತಾಳ್ಮೆ ಇಲ್ಲದವರು ಗೂಡಿಗೆ ಬಲ್ಬು ಕಟ್ಟಿಸುತ್ತಾರೆ. ಬೇಗ ಇಡಲೆಂದು ಎಳೆಯ ಹಕ್ಕಿಗೆ ಮೊಟ್ಟೆಕೋಳಿಯ ಆಹಾರ ಹಾಕಿಸುತ್ತಾರೆ. ದೇಹ ಬಲಿಯುವ ಮೊದಲೇ ಬೆಳಕಿನಿಂದ ಕೆರಳಿಸಿದ ಹಕ್ಕಿ ಪುಟ್ಟ ಮೊಟ್ಟೆ ಇಡುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ, ಅಂಡನಾಳ ಹೊರಬಿದ್ದು ಸಾಯುವುದೂ ಉಂಟು. ಮೊಟ್ಟೆಕೋಳಿಯ ಆಹಾರದಲ್ಲಿ ಮರಿಯ ಆಹಾರಕ್ಕಿಂತ ಸುಮಾರು ಮೂರು ಪಟ್ಟು ಸುಣ್ಣಾಂಶವಿರುತ್ತದೆ. ಮೊಟ್ಟೆ ಇಡದ ಎಳೆಯ ಹಕ್ಕಿಯ ಮೂತ್ರಪಿಂಡಕ್ಕೆ ಅದು ಭಾರ. ಸುಣ್ಣ ಬೇಕಾಗುವುದು ಮೊಟ್ಟೆ ಆರಂಭವಾದ ಮೇಲೆ. ಅದಕ್ಕೂ ಚಿಪ್ಪನ್ನು ಪುಡಿಮಾಡಿ ಬೇರೆ ಪಾತ್ರೆಯಲ್ಲಿಟ್ಟರೆ ಸಾಕು. ಎಷ್ಟು ಬೇಕೆಂಬುದು ಹಕ್ಕಿಗೆ ಗೊತ್ತು.

ಹಳ್ಳಕ್ಕೆ ಹೋದ ಮೊಟ್ಟೆ

‘ಇಡುತ್ತಿಲ್ಲ’ ಎಂಬ ದೂರಿನ ಒಂದು ಪಾಲು ಕೇವಲ ಗಡಿಯಾರದ ತಪ್ಪು. ಕೋಳಿ ಹಗಲು ಹೊತ್ತಿನಲ್ಲಿ ಇಡುತ್ತದೆ. ಬಾತು ಬಹುಪಾಲು ಬೆಳಗಿನ ಜಾವದಿಂದ ಒಂಬತ್ತು ಗಂಟೆಯೊಳಗೆ ಇಟ್ಟು ಮುಗಿಸುತ್ತದೆ. ಕೋಳಿಯಂತೆ ಬೆಳಕು ಹರಿಯುವಾಗಲೇ ಬಾಗಿಲು ತೆರೆದರೆ ಮೊಟ್ಟೆ ಗದ್ದೆಯ ಬದುವಿನಲ್ಲೋ ಹಳ್ಳದ ನೀರಿನಲ್ಲೋ ಬೀಳುತ್ತದೆ, ಮುಂಗುಸಿಗೆ ಹಬ್ಬ. ಮೊದಲ ಬಾರಿ ಇಡುವ ಹಕ್ಕಿಗಂತೂ ಗೂಡಿನ ಅಭ್ಯಾಸವಿರುವುದಿಲ್ಲ. ಅದರ ಆರಂಭದ ಮೊಟ್ಟೆಗಳು ಚಿಕ್ಕವು, ಕೆಲವೊಮ್ಮೆ ತೊಗಟೆ ಮೆದು, ಕೆಲವೊಮ್ಮೆ ಎರಡು ಭಂಡಾರ. ಕೆಲವು ವಾರಗಳಲ್ಲಿ ಇದು ತಾನಾಗಿ ಸರಿಹೋಗುತ್ತದೆ. ನೆಲಮಟ್ಟದಲ್ಲಿ, ಕತ್ತಲಿನ ಮೂಲೆಯಲ್ಲಿ ಒಣಹುಲ್ಲು ಹಾಸಿ, ಒಂಬತ್ತರವರೆಗೆ ಹೊರಬಿಡದಿರುವುದೇ ಇದಕ್ಕೆ ಮದ್ದು. ಇದಕ್ಕೆ ಸಹಾಯಧನ ಬೇಕಿಲ್ಲ; ಹಕ್ಕಿಯ ಸ್ವಭಾವ ತಿಳಿದ ಒಬ್ಬರು ಹೇಳಿಕೊಡಬೇಕು, ಅಷ್ಟೆ.

ಇನ್ನು ಖಾಕಿ ಕ್ಯಾಂಪ್‌ಬೆಲ್ ಕಾವು ಕೂರುವುದು ಅಪರೂಪ. ಹೀಗಾಗಿ ಹಿತ್ತಿಲಿನಲ್ಲಿ ಸಂತಾನ ಮುಂದುವರಿಯಬೇಕಾದರೆ ನಾಟಿ ಹೇಂಟೆಯ ಕೆಳಗೆ 28 ದಿನ ಮೊಟ್ಟೆ ಇಡಬೇಕು. ಕೋಳಿಮೊಟ್ಟೆಯ 21 ದಿನದ ಲೆಕ್ಕ ಇಲ್ಲಿ ನಡೆಯದು. ನಾಟಿ ಕೋಳಿಯನ್ನು ಅಳಿಸಿ ಬಾತನ್ನು ಉಳಿಸುವುದು ಅಸಾಧ್ಯವೆಂಬ ಸರಳ ಸತ್ಯವನ್ನು ಯಾವ ಯೋಜನೆಯೂ ಬರೆದುಕೊಂಡಂತಿಲ್ಲ. ಮರಿಗಳಿಗಾಗಿ ಪ್ರತಿ ಸಲ ಹೊರಗೆ ಕೈಚಾಚುವ ರೈತನನ್ನು ಸ್ವಾವಲಂಬಿ ಎಂದು ಕರೆಯುವುದು ಹೇಗೆ?

ಸೊಟ್ಟಗಾಲಿನ ಕಾರಣ

ಎರಡು-ಮೂರು ವಾರದ ಬಾತುಮರಿ ಕುಂಟತೊಡಗಿದೊಡನೆ ಆ್ಯಂಟಿಬಯಾಟಿಕ್ ಪುಡಿಯ ಪೊಟ್ಟಣ ನೀರಿಗೆ ಬೀಳುತ್ತದೆ. ಎಳೆಯ ಬಾತುಗಳ ಕಾಲು ಸೊಟ್ಟಗಾಗಲು ಬಹು ಸಾಮಾನ್ಯ ಕಾರಣಗಳಲ್ಲೊಂದು ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆ. ಅದಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡಲಾರದು. ಕೋಳಿಮರಿಯ ಒಂದು ಕಿಲೋ ಆಹಾರದಲ್ಲಿ 27ರಿಂದ 35 ಮಿಲಿಗ್ರಾಂ ನಯಾಸಿನ್ ಸಾಕು. ಬಾತುಮರಿಗೆ 55 ಮಿಲಿಗ್ರಾಂ ಬೇಕು. ಪಾಲಿಶ್ ಮಾಡಿದ ಅಕ್ಕಿಯ ಅನ್ನ ಅಥವಾ ಮೆಕ್ಕೆಜೋಳದ ನುಚ್ಚಷ್ಟೇ ಹಾಕಿದರೆ ಕೊರತೆ ಖಚಿತ. ಒಣಮೀನು, ಬಟಾಣಿ, ಯೀಸ್ಟ್ ಇವುಗಳಿಂದ ಅದು ತುಂಬುತ್ತದೆ. ಕೋಳಿಸಾಕಣೆಯಲ್ಲಿ ಮಿತಿಮೀರಿ ಬಳಕೆಯಾಗುತ್ತಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು, ಮನುಷ್ಯರ ಪಾಲಿನ ಕೊನೆಯ ಅಸ್ತ್ರಗಳಲ್ಲಿ ಅದೂ ಒಂದೆಂಬ ಕಾರಣಕ್ಕೆ, ಕೇಂದ್ರ ಸರ್ಕಾರ 2019ರಲ್ಲಿ ಆಹಾರಪ್ರಾಣಿಗಳಿಗೆ ನಿಷೇಧಿಸಿತು. ಆ ಪಾಠ ಹಿತ್ತಿಲಿನವರೆಗೆ ತಲುಪಬೇಡವೇ?

ಮಲೆನಾಡಿನ ಮಳೆಗಾಲಕ್ಕೆ ಇನ್ನೊಂದು ಅಪಾಯವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳೂ ಅನೇಕ ಬಾತುಮರಿಗಳೂ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟು ಇದಕ್ಕೆ ಕಾರಣವೆಂದು ತಿಳಿದುಬಂದು, ಅಫ್ಲಾಟಾಕ್ಸಿನ್ ಎಂಬ ವಿಷದ ಪರಿಚಯ ಜಗತ್ತಿಗಾಯಿತು. ಅಂದಿನಿಂದ ಈ ವಿಷವನ್ನು ಪತ್ತೆಹಚ್ಚುವ ಪರೀಕ್ಷೆಗೆ ವಿಜ್ಞಾನಿಗಳು ಬಾತುಮರಿಯನ್ನೇ ಬಳಸಿದರು. ಅಷ್ಟು ಸೂಕ್ಷ್ಮ ಅದರ ಯಕೃತ್ತು. ಜಡಿಮಳೆಯ ತಿಂಗಳುಗಳಲ್ಲಿ ನೆಲಕ್ಕೆ ತಾಗಿಸಿಟ್ಟ ಚೀಲದಲ್ಲಿ ಬೂಷ್ಟು ಹಿಡಿಯಲು ಎಷ್ಟು ದಿನ ಬೇಕು? ಕೋಳಿ ತಿಂದು ತಡೆದುಕೊಂಡದ್ದನ್ನು ಬಾತುಮರಿ ತಡೆಯಲಾರದು. ಆದರೂ ಮರಿಗಳ ಹಂಚಿಕೆ ಮಳೆಗಾಲದ ಬಾಗಿಲಲ್ಲೇ ನಡೆಯುತ್ತದೆ. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬಾತುಮರಿಗೆ ನೀರು ಹಿತವೆಂದು ಎಳೆಯದನ್ನೇ ಮಳೆಗೆ ಬಿಟ್ಟರೆ ಅದು ಚಳಿಹಿಡಿದು ಸಾಯುತ್ತದೆ. ಗರಿಗೆ ಸವರಲು ತಾಯಿಯ ಎಣ್ಣೆ ಅದಕ್ಕೆ ದೊರೆತಿರುವುದಿಲ್ಲ.

ಕೆರೆಯಿಲ್ಲದೆಯೂ ಬಾತು ಬದುಕುತ್ತದೆ, ಮೊಟ್ಟೆಯಿಡುತ್ತದೆ. ಆದರೆ ಕೊಕ್ಕು ಮತ್ತು ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರು ಅದಕ್ಕೆ ಅನಿವಾರ್ಯ. ಕೋಳಿಯ ಕಿರಿದಾದ ನೀರಿನ ಬಟ್ಟಲನ್ನು ಅದರ ಮುಂದಿಟ್ಟರೆ ಹೊಳ್ಳೆ ಕಟ್ಟಿ, ಕಣ್ಣು ಅಂಟಿ, ಹಕ್ಕಿ ನರಳುತ್ತದೆ.

ಗದ್ದೆಯ ವಿಷ, ಹಳ್ಳದ ಕಪ್ಪೆ

ಜಪಾನಿನ ರೈತ ತಕಾವೊ ಫುರುನೊ 1988ರಿಂದ ನಾಟಿ ಮಾಡಿದ ಬತ್ತದ ಗದ್ದೆಗೆ ಬಾತುಮರಿ ಬಿಟ್ಟು ಕಳೆ, ಕೀಟ, ಗೊಬ್ಬರ ಮೂರರ ಚಿಂತೆಯನ್ನೂ ನೀಗಿದರು. ತೆನೆ ಒಡೆಯುವ ಹೊತ್ತಿಗೆ ಮರಿಗಳನ್ನು ಹೊರತಂದರು. ಅಲ್ಲಿ ಬಾತು ಮೊಟ್ಟೆಯಿಡುವ ಯಂತ್ರವಲ್ಲ, ಗದ್ದೆಯ ಪಾಲುದಾರ. ಮಲೆನಾಡಿನಲ್ಲಿಯೋ, ಗದ್ದೆಗೆ ಹರಳುರೂಪದ ಕೀಟನಾಶಕ, ಹಿತ್ತಿಲಿಗೆ ಬಾತು ಎಂಬ ಎರಡು ಸಲಹೆಗಳು ಏಕಕಾಲಕ್ಕೆ ಬರುತ್ತವೆ. ಹರಳನ್ನು ಕಾಳೆಂದೋ ಮರಳೆಂದೋ ನುಂಗಿ ಹಕ್ಕಿಗಳು ಸಾಯುತ್ತವೆ. ಫೋರೇಟ್‌ಗೆ 2020ರ ಡಿಸೆಂಬರ್ 31ರ ನಂತರ ದೇಶದಲ್ಲಿ ಅವಕಾಶವಿಲ್ಲ. ಆದರೆ ಹರಳಿನ ಮೇಲಿನ ನಂಬಿಕೆ ನಿಷೇಧವಾಗಿಲ್ಲ.

ಬಾತಿನ ಪರವಾಗಿ ವಾದಿಸುವವರೂ ಒಂದು ಮಿತಿಯನ್ನು ಒಪ್ಪಬೇಕು. ಸಹ್ಯಾದ್ರಿಯ ಹಳ್ಳಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಕಪ್ಪೆಗಳಿವೆ. ಬಾತಿಗೆ ಗೊದಮೊಟ್ಟೆ ಪ್ರಿಯವಾದ ಆಹಾರ. ಕಾಡಿನ ತೊರೆಗೆ ಬಾತಿನ ಹಿಂಡು ಬಿಡುವುದು ಪರಿಸರದ ಕೆಲಸವಾಗಲಾರದು. ಅದರ ಜಾಗ ಹಿತ್ತಿಲು, ಗದ್ದೆ, ತೋಟದ ಬಸಿಗಾಲುವೆ. ಅದರ ಸಂಖ್ಯೆ ಹತ್ತರ ಒಳಗೆ, ಐದಾರು ಹೆಣ್ಣಿಗೆ ಒಂದು ಗಂಡು.

ಆಗಬೇಕಾದದ್ದು

ಮರಿಗಳ ಹಂಚಿಕೆ ಮಳೆ ಕಳೆದ ಮೇಲೆ ನಡೆಯಲಿ. ಕೋಳಿಯ ಆಹಾರವನ್ನೇ ಕೊಡುವುದಾದರೆ ನಯಾಸಿನ್ ಪೂರೈಕೆಯೂ ಜೊತೆಗಿರಲಿ. ಎಂಟರಿಂದ ಹನ್ನೆರಡು ವಾರದೊಳಗೆ ಬಾತಿಗೆ ಬೇಕಾದದ್ದು ಬಾತುಪ್ಲೇಗಿನ ಲಸಿಕೆ. ಒಂದು ಸೀಸೆ ನೂರಾರು ಹಕ್ಕಿಗಳಿಗಾಗುವಂಥದು; ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಎಂಟು ಬಾತು ಸಾಕಿದ ಗೃಹಿಣಿ ಒಬ್ಬಳೇ ಅದನ್ನು ಕೊಳ್ಳಲಾರಳು. ಆದ್ದರಿಂದ ಹೋಬಳಿಯ ಪಶುಚಿಕಿತ್ಸಾಲಯಗಳು ದಿನ ಗೊತ್ತುಮಾಡಿ ಊರಿನ ಬಾತುಗಳಿಗೆಲ್ಲ ಒಟ್ಟಿಗೆ ಲಸಿಕೆ ಹಾಕಲಿ. ಕೇರಳದ ಕುಟ್ಟನಾಡಿನಲ್ಲಿ 2014ರಿಂದ ಮತ್ತೆಮತ್ತೆ ಹಕ್ಕಿಜ್ವರ ಬಂದು ಸಾವಿರಾರು ಬಾತುಗಳನ್ನು ಕೊಂದು ಸುಡಬೇಕಾಯಿತೆಂಬುದನ್ನು ನೆನೆದು, ಸಂತೆಯಿಂದ ತಂದ ಹಕ್ಕಿಯನ್ನು ಕೆಲವು ವಾರ ಪ್ರತ್ಯೇಕವಾಗಿಡುವ ಕ್ರಮವನ್ನೂ ಕಲಿಸಲಿ.

ಎಲ್ಲಕ್ಕಿಂತ ಮೊದಲು, ಪ್ರಚಾರಪತ್ರಗಳಿಂದ ‘300’ ಅಳಿಸಿಹೋಗಲಿ. ಹಿತ್ತಿಲ ಹಕ್ಕಿಯ ಮೊಟ್ಟೆ ಮಾರಿದ ಹಣ ಮಲೆನಾಡಿನಲ್ಲಿ ಬಹುತೇಕ ಹೆಂಗಸರ ಕೈಯದು. ಯಾರನ್ನೂ ಕೇಳದೆ ಅವರು ಖರ್ಚು ಮಾಡಬಲ್ಲ ಹಣ ಅದೊಂದೇ ಎಂಬ ಮನೆಗಳೂ ಇವೆ. ಸುಳ್ಳು ಸಂಖ್ಯೆಯ ಬೆಲೆಯನ್ನು ತೆರುತ್ತಿರುವವರು ಅವರು.